ಬೆನ್ನಿಗೆ ಬಂದ ನೆಂಟ

ಅಪ್ಪಿಯಕ್ಕ ಕೂತಿದ್ದಾಳೆ ಎಂಬ ಸುದ್ದಿ ಹೊಸಬೆಂಗ್ರೆಯಲ್ಲಿ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಎಲ್ಲರ ಮನೆಗೂ ತಲುಪಿತ್ತು. ಬೇರೆ ಯಾರಾದರೂ ಕೂತಿದ್ದರೆ ಅದೊಂದು ಸುದ್ದಿಯೇ ಅಲ್ಲ. ಆದರೆ ಅಪ್ಪಿಯಕ್ಕ ಕೂರುವ ಪೈಕಿ ಅಲ್ಲ. ಊಟವನ್ನೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಮುಗಿಸುವವಳು. "ಕೂತು ತಿಂದರೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯನ್ನು ಮಗನ ಮದುವೆಯಲ್ಲಿ ಪಂಕ್ತಿಗೆ ಕೂತವರ ಮುಂದೆಯೇ ಹೇಳಿ ಬೀಗರ ಮುಖ ಕೆಂಪಾಗಿಸಿದವಳು. ಅಂಥವಳು ಬೆಳಿಗ್ಗೆ ಮೀನು ಮಾರಿ ಬಂದು, ಖಾಲಿ ಬುಟ್ಟಿಯನ್ನು ಅಂಗಳದಲ್ಲಿ ಬಿಟ್ಟು, ಜಗಲಿಯ ಮೆಟ್ಟಿಲ ಮೇಲೆ ಕೂತವಳು ಮತ್ತೆ ಏಳಲೇ ಇಲ್ಲ.

ಸೊಸೆ ಮೃದುಲಾಗೆ ಮೊದಲು ಸಂತೋಷವೇ ಆಯಿತು. ಅತ್ತೆ ಕೊನೆಗೂ ದಣಿವೆಂಬುದನ್ನು ಒಪ್ಪಿಕೊಂಡರಲ್ಲ ಎಂದುಕೊಂಡು ಅವಳು ಕೆಲಸಕ್ಕೆ ಹೋದಳು. ಸಂಜೆ ಬಂದಾಗಲೂ ಅಪ್ಪಿಯಕ್ಕ ಅದೇ ಮೆಟ್ಟಿಲ ಮೇಲಿದ್ದಳು. ಬಿಸಿಲು ಮುಖಕ್ಕೆ ಬಡಿದು ಹೋಗಿತ್ತು, ಕೋಳಿಗಳು ಕಾಲಿನ ಮೇಲೆ ಹತ್ತಿ ಇಳಿದಿದ್ದವು, ಅವಳು ಜರುಗಿರಲಿಲ್ಲ. ಒಂದು ಕೈ ಮಡಿಲಲ್ಲಿತ್ತು. ಇನ್ನೊಂದು ಕೈ ಕಿವಿಯ ಪಕ್ಕದಲ್ಲಿ ಅರ್ಧ ಎತ್ತಿದಂತೆ ನಿಂತಿತ್ತು.

"ಅತ್ತೆ, ಒಳಗೆ ಬನ್ನಿ. ಎಂತ ಇಲ್ಲೇ ಕೂತದ್ದು?"

"ಇಲ್ಲಿ ಚೆಂದ ಉಂಟು ಮಗಾ," ಎಂದಳು ಅಪ್ಪಿಯಕ್ಕ. ನಗು ಮುಖದ ತುಂಬ ಇತ್ತು. ಮೃದುಲಾ ತೋಳು ಹಿಡಿದು ಎಬ್ಬಿಸಲು ನೋಡಿದಳು. ಬಂಡೆಗೆ ಕಚ್ಚಿದ ಚಿಪ್ಪನ್ನು ಎಳೆದಂತಾಯಿತು.

ಮೃದುಲಾ ಕಡಲತೀರದ ಜೀವಿ ಸಂಶೋಧನಾ ಕೇಂದ್ರದಲ್ಲಿ ಪ್ರಾಣಿವಿಜ್ಞಾನಿ. ಹಳೆಯ ಬೆಂಗ್ರೆಯನ್ನು ಸಮುದ್ರ ನುಂಗಿ, ಊರು ಹಿಂದೆ ಸರಿದು ಹೊಸಬೆಂಗ್ರೆಯಾದ ಕಾಲದಲ್ಲಿ ಆ ಕೇಂದ್ರವನ್ನು ಕಟ್ಟಿದ್ದರು. ಅಲ್ಲಿಂದ ಹೊರಬಂದು ನಾಡಿಗೆಲ್ಲ ಹೆಸರಾದದ್ದು ಒಂದೇ ವಸ್ತು. ಪತ್ರಿಕೆಗಳು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದವು. ಜನ ಮಾತ್ರ "ಬೆನ್ನಿನ ಇಂಜೆಕ್ಷನ್" ಎನ್ನುತ್ತಿದ್ದರು. ಅಪ್ಪಿಯಕ್ಕನಿಗೆ ಆ ಇಂಜೆಕ್ಷನ್ ಕೊಟ್ಟು ನಾಲ್ಕು ತಿಂಗಳಾಗಿತ್ತು.

ಇಂಜೆಕ್ಷನ್ನಿನ ಗುಟ್ಟನ್ನು ಮೃದುಲಾ ಒಮ್ಮೆ ಅತ್ತೆಗೆ ಬಂಗುಡೆ ಕೊಯ್ಯುವ ಹೊತ್ತಿನಲ್ಲಿ ವಿವರಿಸಿದ್ದಳು. ಮೀನು, ಕಪ್ಪೆ, ಹಾವು, ಹಕ್ಕಿ, ಹಸು, ಮನುಷ್ಯ, ಎಲ್ಲರೂ ಒಂದೇ ದೊಡ್ಡ ಮನೆತನ. ಕಾರ್ಡೇಟ್ ಎಂದು ಅದರ ಹೆಸರು. ಮನೆತನದ ಗುರುತುಗಳು ಹುಟ್ಟುವ ಮೊದಲೇ ಕಾಣುತ್ತವೆ. ಬೆನ್ನಿನ ಉದ್ದಕ್ಕೂ ನೋಟೋಕಾರ್ಡ್ ಎಂಬ ಮೆತ್ತನೆಯ ದಂಡ. ಅದರ ಮೇಲೆ ಕೊಳವೆಯಂಥ ನರದ ಹುರಿ. ಗಂಟಲ ಪಕ್ಕದಲ್ಲಿ ಕಿವಿರಿನ ಸೀಳುಗಳು. ಗುದದಿಂದಾಚೆಗೂ ಚಾಚಿದ ಬಾಲ. ತಾಯಿಯ ಹೊಟ್ಟೆಯಲ್ಲಿ ಕೆಲವು ವಾರ ನಮಗೂ ಇವೆಲ್ಲ ಇರುತ್ತವೆ. ಆಮೇಲೆ ಬಾಲ ಕರಗುತ್ತದೆ, ಗಂಟಲ ಸೀಳುಗಳು ದವಡೆ, ಕಿವಿ ಎಂದು ಬೇರೆ ಬೇರೆ ಕೆಲಸಕ್ಕೆ ಹೋಗುತ್ತವೆ, ದಂಡದ ಜಾಗಕ್ಕೆ ಬೆನ್ನುಮೂಳೆ ಬರುತ್ತದೆ.

"ಹಾಗಾದ್ರೆ ಈ ಬಂಗುಡೆ ನಂಗೆ ನೆಂಟನಾ?"

"ಹೌದು ಅತ್ತೆ."

"ಅಯ್ಯೋ ದೇವರೇ! ನೆಂಟರನ್ನೇ ಬುಟ್ಟಿಯಲ್ಲಿ ತುಂಬಿ ಮಾರಿ ಬದುಕಿದ್ದಾ ನಾನು ಇಷ್ಟು ವರ್ಷ!" ಎಂದು ಅಪ್ಪಿಯಕ್ಕ ಕತ್ತಿ ಕೆಳಗಿಟ್ಟು ನಕ್ಕಿದ್ದಳು. ಆಮೇಲೆ ಕತ್ತಿ ಎತ್ತಿಕೊಂಡು ನೆಂಟನ ತಲೆ ಕತ್ತರಿಸಿದ್ದಳು.

ನೋಟೋಕಾರ್ಡ್ ಪೂರ್ತಿ ಅಳಿದುಹೋಗುವುದಿಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ ಒಂದೊಂದು ಮೆತ್ತೆ ಇದೆಯಲ್ಲ, ಅದರ ಹೊಟ್ಟೆಯೊಳಗಿನ ಲೋಳೆಯಾಗಿ ಉಳಿದಿರುತ್ತದೆ. ಆ ಲೋಳೆ ಒಣಗಿದರೆ ಮಣಿಗೆ ಮಣಿ ಉಜ್ಜಿ ಪ್ರಾಣ ಹಿಂಡುತ್ತದೆ. ಅಲ್ಲಿಗೆ ಜೀವಂತ ನೋಟೋಕಾರ್ಡ್ ಕೋಶಗಳನ್ನೇ ಬಿತ್ತಿದರೆ ಹೇಗೆ? ಇದೇ ಕೇಂದ್ರದವರ ಪ್ರಶ್ನೆಯಾಗಿತ್ತು. ಕೋಶಕ್ಕಾಗಿ ಮನೆತನದ ಬಡ ಶಾಖೆಗಳನ್ನು ನೋಡಬೇಕಾಯಿತು. ಒಂದು, ಮರಳಿನಲ್ಲಿ ಹೂತು ಬದುಕುವ ಬೆರಳುದ್ದದ ಮರಳುಸೂಜಿ. ತಲೆಯ ತುದಿಯಿಂದ ಬಾಲದ ತುದಿಯವರೆಗೆ, ಸಾಯುವ ತನಕ ಅದಕ್ಕೆ ನೋಟೋಕಾರ್ಡ್ ಇರುತ್ತದೆ. ಇನ್ನೊಂದು, ದೋಣಿಯ ಅಡಿಗೆ ಅಂಟಿ ಬೆಳೆಯುವ, ಮುಟ್ಟಿದರೆ ಪಿಚಕ್ಕನೆ ನೀರು ಹಾರಿಸುವ ಚಿಮ್ಮುಚೀಲ. ನೋಡಲಿಕ್ಕೆ ಅದು ಪ್ರಾಣಿಯೇ ಅಲ್ಲ, ಒದ್ದೆ ತೊಗಲಿನ ಸಂಚಿ. ಆದರೆ ಅದರ ಮರಿ ಗೊದಮೊಟ್ಟೆಯ ಹಾಗೆ ಈಜುತ್ತದೆ. ಆ ಮರಿಯ ಬಾಲದಲ್ಲಿ ನೋಟೋಕಾರ್ಡ್ ಉಂಟು.

ಮರಳುಸೂಜಿ ಕಂಡರೆ ಮೀನಿನಂತೆ, ರಕ್ತಸಂಬಂಧದಲ್ಲಿ ದೂರ. ಚಿಮ್ಮುಚೀಲ ಕಂಡರೆ ಚೀಲದಂತೆ, ಸಂಬಂಧದಲ್ಲಿ ನಮಗೆ ಹತ್ತಿರ. ಹತ್ತಿರದ ನೆಂಟರೇ ವಾಸಿ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಬೆಳೆಸುವ ಕಷ್ಟವೂ ಇರಲಿಲ್ಲ. ಮೃದುಲಾಳ ಗಂಡ ದಿವಾಕರ ದೋಣಿ ರಿಪೇರಿಯವನು. ಅವನು ಹೆರೆದು ಎಸೆಯುತ್ತಿದ್ದ ಚಿಮ್ಮುಚೀಲಗಳೇ ಕೇಂದ್ರದ ತೊಟ್ಟಿ ತುಂಬಿದವು.

ಅಪ್ಪಿಯಕ್ಕನನ್ನು ನೋಡಲು ಬೆನ್ನಿನ ವೈದ್ಯೆ ಎವ್ಲಿನ್ ಡಿಸಿಲ್ವ ಮರುದಿನ ಮನೆಗೇ ಬಂದರು. ಇಂಜೆಕ್ಷನ್ ಕೊಟ್ಟವರು ಅವರೇ. ಮೆಟ್ಟಿಲ ಮೇಲೆ ಅಪ್ಪಿಯಕ್ಕನ ಪಕ್ಕದಲ್ಲೇ ಕೂತು, ಸಣ್ಣ ಯಂತ್ರವನ್ನು ಅವಳ ಬೆನ್ನಿಗೂ ತಲೆಗೂ ಹಿಡಿದು, ಬಹಳ ಹೊತ್ತು ಪರೀಕ್ಷಿಸಿದರು.

"ಪಡುಕೋಡಿಯಲ್ಲಿ ಇಬ್ಬರು, ಕಲ್ಲಂಗಡಿ ಊರಿನಲ್ಲಿ ಒಬ್ಬರು, ಹೀಗೇ ಕೂತಿದ್ದಾರೆ ಮೃದುಲಾ," ಎಂದರು ಕೊನೆಗೆ. "ಎಲ್ಲರೂ ಮೀನು ಮಾರುವವರು. ಪೇಟೆಯಲ್ಲಿ ಇದೇ ಇಂಜೆಕ್ಷನ್ ತೆಗೊಂಡವರು ಎಷ್ಟೋ ಜನ ಇದ್ದಾರೆ, ಒಬ್ಬರಿಗೂ ಎಂತ ಆಗ್ಲಿಲ್ಲ."

ಅದರ ಮಾರನೆಯ ದಿನ ಕೇಂದ್ರದಲ್ಲಿ ಮೃದುಲಾ ಸೂಕ್ಷ್ಮದರ್ಶಕದ ಮುಂದೆ ಕೂತಳು. ಗಾಜಿನ ಬಟ್ಟಲಿನಲ್ಲಿ ಚಿಮ್ಮುಚೀಲದ ಮರಿಗಳು ಈಜುತ್ತಿದ್ದವು. ಈಜುವುದು ಅವುಗಳ ಬಾಲ್ಯದ ಚೆಲ್ಲಾಟ ಅಷ್ಟೇ. ಜಾಗ ಹಿಡಿಸಿತೆಂದರೆ ಮರಿ ತಲೆಯನ್ನು ಅಲ್ಲಿಗೆ ಒತ್ತಿ ಅಂಟಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಬಾಲ ಒಳಗೆ ಸೇದಿಹೋಗುತ್ತದೆ, ನೋಟೋಕಾರ್ಡ್ ಕರಗುತ್ತದೆ. ಇನ್ನು ಎಲ್ಲಿಗೂ ಹೋಗಬೇಕಾಗಿಲ್ಲವಾದ್ದರಿಂದ ಇದ್ದ ಪುಟ್ಟ ಮಿದುಳನ್ನೂ ಅದು ಕರಗಿಸಿಕೊಂಡುಬಿಡುತ್ತದೆ. ಅಲ್ಲಿಂದ ಮುಂದೆ ನೀರು ಸೋಸುತ್ತ, ನೆಮ್ಮದಿಯಾಗಿ, ಜೀವಮಾನವಿಡೀ ಒಂದೇ ಕಡೆ.

ಇದು ಕೇಂದ್ರದವರಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಮರಿಯ ತಲೆಯನ್ನು ಪೂರ್ತಿ ಬಿಟ್ಟು ಬಾಲದ ಕೋಶಗಳನ್ನು ಮಾತ್ರ ತೆಗೆದಿದ್ದರು. ತಲೆಯೇ ಇಲ್ಲದ ಮೇಲೆ ಅಂಟುವ ಆಜ್ಞೆ ಎಲ್ಲಿಂದ ಬರಬೇಕು? ಬೆನ್ನುನೋವಿನ ಮೇಕೆಗಳಿಗೆ ಆ ಕೋಶ ಬಿತ್ತಿ, ಬೆನ್ನ ಮೇಲೆ ಚೀಲ ಹೊರಿಸಿ, ದಿಬ್ಬ ಹತ್ತಿಸಿ ನೋಡಿದ್ದರು. ಮೇಕೆಗಳು ಹತ್ತಿ, ಇಳಿದು, ಕಾವಲುಗಾರನ ಟೊಪ್ಪಿ ತಿಂದು ತಮ್ಮ ಆರೋಗ್ಯವನ್ನು ಸಾಬೀತು ಮಾಡಿದ್ದವು.

"ಅಪ್ಪಿಯಕ್ಕನ ಬೆನ್ನಿನ ಕೋಶಗಳು ಕುಗ್ಗುತ್ತಾ ಉಂಟು," ಎಂದರು ಎವ್ಲಿನ್, ಪರದೆಯ ಮೇಲಿನ ಚಿತ್ರ ತೋರಿಸಿ. "ಕುಗ್ಗುವಾಗ ಅವು ಒಂದು ರಸ ಬಿಡ್ತವೆ. ಅದು ಮಿದುಳಿಗೆ ಹೋಗ್ತಾ ಉಂಟು. ಇಲ್ಲಿ ನೋಡು, ಈ ಭಾಗ ಮಂಕಾಗಿದೆ. ನೆನಪಿನ ಜಾಗ. ನಿನ್ನೆಗಿಂತ ಇವತ್ತು ಹೆಚ್ಚು."

"ಪೂರ್ತಿ ಹೋಗ್ತದಾ?"

"ಕೋಶ ಪೂರ್ತಿ ಕರಗುವ ಮೊದಲು ನಿಲ್ಲಿಸಿದ್ರೆ ಮಿದುಳು ಚೇತರಿಸಬಹುದು. ಆದ್ರೆ ಇದು ಯಾಕೆ ಶುರುವಾಯ್ತು ಅಂತ ಗೊತ್ತಾಗದೆ ಎಂತ ನಿಲ್ಲಿಸುದು ಹೇಳು."

ಮೃದುಲಾ ಮನೆಗೆ ಬಂದಾಗ ದಿವಾಕರ ತಾಯಿಗೆ ಗಂಜಿ ಉಣಿಸುತ್ತಿದ್ದ. ತಟ್ಟೆಯಲ್ಲಿ ಹುಳಿಖಾರ ಹಾಕಿ ಮಾಡಿದ ಬಂಗುಡೆ ಪುಳಿಮುಂಚಿ ಇತ್ತು. ಅಪ್ಪಿಯಕ್ಕ ಅದನ್ನು ನೋಡಿ, ಹುಬ್ಬು ಗಂಟಿಕ್ಕಿ, "ಇದು... ಆ ಬೆನ್ನ ಮೇಲೆ ಪಟ್ಟೆಪಟ್ಟೆ ಇರ್ತದಲ್ಲ, ಅದು," ಎಂದಳು. ಹೆಸರು ಬರಲಿಲ್ಲ. ಬರಲಿಲ್ಲವೆಂದು ಬೇಸರವೂ ಆಗಲಿಲ್ಲ. ನಕ್ಕು ಬಾಯಿ ತೆರೆದಳು. ಬಂಗುಡೆಯ ಹೆಸರು ಹಿಡಿದು ಊರೂರು ಕೂಗಿದ ಬಾಯಿ ಅದು. ಮೃದುಲಾಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಅಡುಗೆಮನೆಯಲ್ಲಿ ಅತ್ತಳು.

ದಿವಾಕರ ಹಿಂದೆಯೇ ಬಂದ.

"ಒಂದು ಮಾತು ಹೇಳ್ತೇನೆ, ಸಿಟ್ಟು ಮಾಡ್ಬೇಡ. ಅಮ್ಮ ಕೂತದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದಿಲ್ಲ. ನೋವಿಲ್ಲ, ಬೈಗುಳ ಇಲ್ಲ, ನಗ್ತಾ ಇದ್ದಾಳೆ. ಕೂರ್ಲಿ ಬಿಡು ಮಾರಾಯ್ತಿ. ಉಣಿಸ್ಲಿಕ್ಕೆ ನಾನಿದ್ದೇನಲ್ಲ."

"ನಾಡಿದ್ದು ನಿಮ್ಮ ಹೆಸರೂ ಮರೀತಾರೆ. ಆಗ್ಲೂ ನಗ್ತಾರೆ. ಆಗ ಕೂರ್ಲಿ ಅಂತೀರಾ?"

ದಿವಾಕರ ಗಂಜಿಯ ತಟ್ಟೆಯನ್ನು ತೊಳೆಯಲಿಟ್ಟ. ಅವನು ತಾಯಿಯನ್ನು ಪ್ರೀತಿಸುತ್ತಿದ್ದ, ಆ ನೋವಿನ ದಿನಗಳನ್ನೂ ಕಂಡಿದ್ದ. ಇಂಜೆಕ್ಷನ್ನಿಗೆ ಮೊದಲು ಅಪ್ಪಿಯಕ್ಕ ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿದು, ಮಗ ಎದುರಿಗಿದ್ದರೆ ನರಳಾಟವನ್ನು ಕೆಮ್ಮಿನಲ್ಲಿ ಮುಚ್ಚುತ್ತಿದ್ದಳು.

ಮೀನು ಮಾರಲು ಹೋಗದಿದ್ದರೆ ಆಗುತ್ತಿರಲಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಮೀನಿನ ಗಾಡಿ ಈಗ ತಾನಾಗಿ ಓಡುತ್ತದೆ, ಮನೆಬಾಗಿಲಲ್ಲಿ ನಿಂತು ಹಾಡು ಹೇಳುತ್ತದೆ, ಮೀನು ತಾಜಾ ಎಂದು ಮುದ್ರೆ ಒತ್ತಿ ಕೊಡುತ್ತದೆ. ಆದರೂ ಆ ಕಡೆಯ ಮನೆಗಳಲ್ಲಿ ಬುಟ್ಟಿಯ ಮೀನಿಗೇ ಕಾಯುತ್ತಾರೆ. ತುಂಬಿದ ಬುಟ್ಟಿಯನ್ನು ಯಾರೂ ತಾನೇ ತಲೆಗೆ ಏರಿಸಿಕೊಳ್ಳಲಾಗದು, ತಾನೇ ಇಳಿಸಲೂ ಆಗದು. ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಇಬ್ಬರು ಎತ್ತಿ ಏರಿಸುತ್ತಾರೆ. ಊರೊಳಗೆ ಮೊದಲ ಮನೆಯಾಕೆ ಹೊರಗೆ ಬಂದು ಕೈಕೊಟ್ಟು ಇಳಿಸುತ್ತಾಳೆ. ಇಳಿಸಿದವಳದ್ದೇ ಬೋಣಿ, ಬುಟ್ಟಿಯಿಂದ ಮೊದಲ ಮೀನು ಆರಿಸುವ ಹಕ್ಕು ಅವಳದ್ದು. ಅದರ ಜೊತೆಗೆ ಅರ್ಧ ಗಳಿಗೆ ಮಾತು. ಹಾಡು ಹೇಳುವ ಗಾಡಿಗೆ ಕೈಕೊಡಲು ಬರುವುದಿಲ್ಲವಲ್ಲ.

ಮರುದಿನ ರವಿವಾರ. ಮೃದುಲಾ ಬಿಸಿ ಎಣ್ಣೆ ತಂದು ಮೆಟ್ಟಿಲ ಮೇಲೆ, ಅತ್ತೆಯ ಹಿಂದೆ ಕೂತಳು. ಯಾವ ರವಿವಾರವೂ ಅಪ್ಪಿಯಕ್ಕ ತಲೆಗೆ ಎಣ್ಣೆ ಹಾಕಿಸಿಕೊಳ್ಳುವಷ್ಟು ಹೊತ್ತು ಸಿಕ್ಕವಳಲ್ಲ. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ" ಎಂದು ಮೃದುಲಾ ತಮಾಷೆಗೆ ಹೇಳಿದಳು. ಅಪ್ಪಿಯಕ್ಕ ಸುಮ್ಮನೆ ನಕ್ಕಳು.

ಎಣ್ಣೆ ಉಜ್ಜುತ್ತ ಮೃದುಲಾಳ ಬೆರಳು ನೆತ್ತಿಯ ಮೇಲೆ ನಿಂತಿತು. ಅಲ್ಲಿ ಅಂಗೈ ಅಗಲದ ಜಾಗದಲ್ಲಿ ಕೂದಲು ತೆಳು, ಚರ್ಮ ಗಟ್ಟಿ, ಸ್ವಲ್ಪ ತಗ್ಗು. ಬುಟ್ಟಿಯ ಕೆಳಗೆ ಇಡುವ ಬಟ್ಟೆಯ ಸಿಂಬೆ ಇಷ್ಟು ವರ್ಷ ಕೂತು ಕೂತು ಮಾಡಿದ ಗುರುತು. ಅವಳು ಅಂಗೈಯನ್ನು ಅಲ್ಲಿಗೆ ಒತ್ತಿದಳು. ಅಪ್ಪಿಯಕ್ಕನ ಕಣ್ಣು ಮುಚ್ಚಿತು, ಮೈ ಇನ್ನಷ್ಟು ತಗ್ಗಿ ಮೆಟ್ಟಿಲಿಗೆ ಅಂಟಿತು. ಕೈ ತೆಗೆದಳು. ಕಣ್ಣು ತೆರೆಯಿತು. ಮತ್ತೆ ಒತ್ತಿದಳು. ಮತ್ತೆ ಮುಚ್ಚಿತು.

ಬಟ್ಟಲಿನ ಗಾಜಿಗೆ ತಲೆ ಒತ್ತಿ ನಿಂತ ಮರಿ ಅವಳ ಕಣ್ಣಿಗೆ ಕಟ್ಟಿತು. ಎಣ್ಣೆಯ ಕೈಯಲ್ಲೇ ಫೋನ್ ಎತ್ತಿ ಎವ್ಲಿನ್‌ಗೆ ಕರೆ ಮಾಡಿದಳು.

"ಡಾಕ್ಟ್ರೇ, ಬೆನ್ನಿನ ಇಂಜೆಕ್ಷನ್ ಆದ ಮೇಲೆ ಇವರಿಗೆ ಎಂತ ಮಾಡ್ಬಾರ್ದು ಅಂತ ಹೇಳಿದ್ರಿ?"

"ಬಗ್ಗಿ ನೆಲದಿಂದ ಭಾರ ಎತ್ತಬಾರ್ದು ಅಂತ. ಅದನ್ನು ಎಲ್ಲರೂ ಸರಿಯಾಗಿ ಪಾಲಿಸಿದ್ದಾರೆ, ನಾನು ಕೇಳಿದ್ದೇನೆ."

"ಪಾಲಿಸದೆ ಎಂತ? ಅವರು ಯಾವತ್ತೂ ಬಗ್ಗಿ ಎತ್ತುದೇ ಇಲ್ಲ. ಬೇರೆಯವರು ಎತ್ತಿ ತಲೆ ಮೇಲೆ ಇಡ್ತಾರೆ. ನಾವು ಮೇಕೆಯ ಬೆನ್ನ ಮೇಲೆ ಭಾರ ಇಟ್ಟು ನೋಡಿದ್ದು. ತಲೆ ಮೇಲೆ ಇಟ್ಟಿದ್ದೇವಾ?"

"ಕೋಶ ಬಿತ್ತಿ ತುಂಬ ದಿನ ಆದ ಮೇಕೆ ಒಂದನ್ನು ಹಿಡಿದಿಡು, ಅದ್ರಲ್ಲಿ ಬೇಗ ಗೊತ್ತಾಗ್ತದೆ," ಎಂದರು ಎವ್ಲಿನ್.

ಮೇಕೆಯ ತಲೆಯ ಮೇಲೆ ಮೆತ್ತೆ ಕಟ್ಟಿ, ಅದರ ಮೇಲೆ ಮರಳಿನ ಚೀಲ ಕಟ್ಟುವುದೆಂದರೆ ವಿಜ್ಞಾನದಲ್ಲಿ ಎಲ್ಲೂ ಹೇಳಿಕೊಡದ ಕೆಲಸ. ಮೃದುಲಾ, ಎವ್ಲಿನ್, ಟೊಪ್ಪಿ ಕಳೆದುಕೊಂಡ ಕಾವಲುಗಾರ ಮೂವರೂ ಸೇರಿ ಅದನ್ನು ಮಾಡಿದರು. ಮೇಕೆ ಮೊದಲು ತಲೆ ಕೊಡವಿತು, ಒಬ್ಬರಿಗೆ ಗುದ್ದಿತು, ಬೇಲಿಯ ಸುತ್ತ ನಡೆದಾಡಿತು. ಸುಮಾರು ಅರ್ಧ ಗಂಟೆಯ ಮೇಲೆ ನಡಿಗೆ ನಿಧಾನವಾಯಿತು. ಆಮೇಲೆ ಅದು ಕಾಲು ಮಡಚಿ ಕೂತು, ಎದುರಿಗಿದ್ದ ಹಲಸಿನ ಸೊಪ್ಪನ್ನೂ ನೋಡದೆ, ಕಣ್ಣು ಅರ್ಧ ಮುಚ್ಚಿತು. ಚೀಲ ತೆಗೆದರೂ ಏಳಲಿಲ್ಲ.

ಸೊಪ್ಪಿಗೆ ಏಳದ ಮೇಕೆಯನ್ನು ಕಂಡ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಮರಿಯ ತಲೆಯನ್ನು ತೆಗೆದು ಎಸೆದಿದ್ದರು, ನಿಜ. ಆದರೆ ಬಿತ್ತಿದ ಕೋಶಗಳು ಹೊಸ ಬೆನ್ನಿನ ನರಗಳಿಗೆ ಕೈಚಾಚಿ, ಆ ಮನುಷ್ಯರ ತಲೆಯನ್ನೇ ತಮ್ಮ ತಲೆ ಎಂದುಕೊಂಡಿದ್ದವು. ಪೇಟೆಯವರು ಭಾರವನ್ನು ಕೈಯಲ್ಲಿ, ಹೆಗಲಲ್ಲಿ ಹೊತ್ತರು, ಏನೂ ಆಗಲಿಲ್ಲ. ಇವರ ನೆತ್ತಿಯ ಮೇಲೆ ಬುಟ್ಟಿ ದಿನದಿನವೂ ಗಂಟೆಗಟ್ಟಲೆ ಒತ್ತಿತು. ಜಾಗ ಸಿಕ್ಕಿತು, ಇನ್ನು ನೆಲೆ ನಿಲ್ಲೋಣ ಎಂದು ಬೆನ್ನಿಗೆ ಬಂದ ನೆಂಟ ನಿರ್ಧರಿಸಿಬಿಟ್ಟ. ಅಪ್ಪಿಯಕ್ಕನ ಜೊತೆಯಲ್ಲೇ ಇಂಜೆಕ್ಷನ್ ತೆಗೆದುಕೊಂಡಿದ್ದ ಪಕ್ಕದ ಮನೆಯ ಗುಲಾಬಿ ಸ್ಕೂಟರಿನಲ್ಲಿ ಮೀನು ಮಾರುತ್ತಿದ್ದವಳು. ಅವಳು ಈಗಲೂ ಊರೆಲ್ಲ ಸುತ್ತುತ್ತಿದ್ದಾಳೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

"ನೆತ್ತಿಯ ನರಕ್ಕೆ ಮರಗಟ್ಟಿಸುವ ಮದ್ದು ಕೊಡ್ಬೇಕು. ಆಮೇಲೆ ಬೆನ್ನಿಂದ ಆ ಕೋಶಗಳನ್ನು ತೊಳೆದು ತೆಗೀಬೇಕು," ಎಂದರು ಎವ್ಲಿನ್. ಸಂಜೆ ಅವರು ಮನೆಯ ಜಗಲಿಯಲ್ಲಿದ್ದರು. "ಆದ್ರೆ ಕೋಶ ಹೋದ್ರೆ ಹಳೆ ನೋವು ವಾಪಸ್ ಬರ್ತದೆ. ಮರಳುಸೂಜಿಯ ಕೋಶ ಹಾಕ್ಬಹುದು, ಅದು ಯಾವತ್ತೂ ತಲೆ ಒತ್ತಿ ಅಂಟಿ ಕೂರುವ ಪ್ರಾಣಿ ಅಲ್ಲ. ಅದನ್ನು ಬೆಳೆಸಿ, ಪರೀಕ್ಷೆ ಮಾಡಿ, ಕೊಡ್ಲಿಕ್ಕೆ ಎರಡು ವರ್ಷವಾದ್ರೂ ಬೇಕು."

"ಎರಡು ವರ್ಷ ಅಮ್ಮ ಆ ನೋವು ತಿನ್ಬೇಕಾ?" ಎಂದ ದಿವಾಕರ. "ಅವಳನ್ನೇ ಕೇಳಿ."

ಕೇಳಿದರು. "ನಂಗೆ ಇಲ್ಲಿ ಚೆಂದ ಉಂಟು," ಎಂದಳು ಅಪ್ಪಿಯಕ್ಕ.

ಎವ್ಲಿನ್ ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಇವರ ಮಾತಾ, ಆ ನೆಂಟನ ಮಾತಾ, ನಂಗೆ ಗೊತ್ತಾಗುದಿಲ್ಲ ಮೃದುಲಾ. ಇವರು ಬೇಡ ಅಂದ್ರೆ ನಾನು ಸೂಜಿ ಮುಟ್ಟುದಿಲ್ಲ."

ಮೃದುಲಾ ಅತ್ತೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಈ ಮೂರ್ನಾಲ್ಕು ದಿನ ನೋಡಿಯೂ ನೋಡದಿದ್ದದ್ದು ಈಗ ಕಂಡಿತು. ಅರ್ಧ ಎತ್ತಿದ ಆ ಕೈ. ಉಣ್ಣುವಾಗ, ನಗುವಾಗ, ನಿದ್ದೆಯಲ್ಲಿ ಕೂಡ ಅದು ಕಿವಿಯ ಪಕ್ಕದಿಂದ ಇಳಿದಿರಲಿಲ್ಲ. ಬುಟ್ಟಿಯ ಅಂಚು ಹಿಡಿದ ಕೈ ಅದು. ಅಂಗಳದಲ್ಲಿ ಬುಟ್ಟಿ ಖಾಲಿ ಬಿದ್ದಿತ್ತು. ಅಪ್ಪಿಯಕ್ಕನ ತಲೆಯ ಮೇಲೆ ಮಾತ್ರ ಅದು ಇನ್ನೂ ತುಂಬಿಯೇ ಇತ್ತು.

"ಅತ್ತೆ," ಎಂದಳು ಮೃದುಲಾ ಮೆಲ್ಲಗೆ. "ಬುಟ್ಟಿ ಇಳಿಸ್ಲಾ?"

ಅಪ್ಪಿಯಕ್ಕನ ನಗು ನಿಂತಿತು. ಕಣ್ಣು ಎಲ್ಲಿಂದಲೋ ಹಿಂತಿರುಗಿ ಬಂದು ಸೊಸೆಯ ಮುಖದ ಮೇಲೆ ನೆಲೆಯಾಯಿತು.

"ಇಳಿಸು ಮಗಾ," ಎಂದಳು. "ಆಗಿಂದ ನಿಂತಿದ್ದೇನೆ, ಈ ಮನೆಯಲ್ಲಿ ಯಾರೂ ಹೊರಗೆ ಬರುದೇ ಇಲ್ಲ."

ದಿವಾಕರ ಮುಖ ತಿರುಗಿಸಿದ. ಮೃದುಲಾ ಎದ್ದು, ಅತ್ತೆಯ ತಲೆಯ ಮೇಲಿನ ಖಾಲಿ ಗಾಳಿಗೆ ಎರಡೂ ಕೈ ಕೊಟ್ಟು, ಭಾರವಾದದ್ದನ್ನು ಹಿಡಿದಂತೆ ನಿಧಾನಕ್ಕೆ ಕೆಳಗಿಳಿಸಿದಳು. ಆ ಎತ್ತಿದ ಕೈ ಮಡಿಲಿಗೆ ಬಂತು. "ಇದು ಇವರದ್ದೇ ಮಾತು," ಎಂದು ಎವ್ಲಿನ್ ಸೂಜಿಗೆ ಮದ್ದು ತುಂಬಿಸಿದರು.

ಅಲ್ಲಿಂದ ಆಸ್ಪತ್ರೆ, ಕೋಶ ತೊಳೆಯುವ ಕೆಲಸ, ದೀರ್ಘ ನಿದ್ದೆ. ಪಡುಕೋಡಿಯವರನ್ನೂ ಕಲ್ಲಂಗಡಿ ಊರಿನಾಕೆಯನ್ನೂ ಅದೇ ವಾರ್ಡಿಗೆ ಕರೆತಂದರು. ಬುಟ್ಟಿ ಹೊರುವವರಾರೂ ಸದ್ಯಕ್ಕೆ ತಲೆಯ ಮೇಲೆ ಭಾರ ಇಡಬಾರದೆಂದು ಕೇಂದ್ರದವರು ದಕ್ಕೆ ದಕ್ಕೆಗೆ ಹೋಗಿ ಹೇಳಿದರು. ಮಿದುಳಿನ ಚಿತ್ರದಲ್ಲಿ ಮಂಕು ತಿಳಿಯಾಗುತ್ತಿತ್ತು, ಆದರೆ ಚಿತ್ರ ಬೇರೆ, ಮನುಷ್ಯ ಬೇರೆ. ಅಪ್ಪಿಯಕ್ಕ ಬಾಯಿ ಬಿಡುವ ತನಕ ಏನು ಉಳಿದಿದೆ, ಏನು ಹೋಗಿದೆ ಎಂದು ಯಾರೂ ಹೇಳುವಂತಿರಲಿಲ್ಲ.

ಒಂದು ಬೆಳಿಗ್ಗೆ ಮೃದುಲಾ ಹಾಸಿಗೆಯ ಪಕ್ಕ ಕೂತಿದ್ದಾಗ ಹಳೆಯ ನರಳಾಟ ಕೇಳಿಸಿತು. ಅದರ ಮೇಲೆ ಮುಚ್ಚಿದ ಕೆಮ್ಮೂ ಕೇಳಿಸಿತು.

"ಅಯ್ಯಯ್ಯೋ ನನ್ನ ಸೊಂಟ! ಯಾರು ಹೊಡೆದದ್ದು ನಂಗೆ?"

ಅಪ್ಪಿಯಕ್ಕ ಮಂಚದ ಅಂಚು ಹಿಡಿದು ಏಳುತ್ತಿದ್ದಳು. ಬೇಡ ಅತ್ತೆ, ಮಲಗಿ ಎಂದರೆ ಕೇಳಲಿಲ್ಲ. ನಿಂತಳು. ನೋವಿಗೆ ಹಲ್ಲು ಕಚ್ಚಿ, ಒಂದು ಹೆಜ್ಜೆ ಇಟ್ಟು, ಗೋಡೆ ಹಿಡಿದು, ಸೊಸೆಯತ್ತ ನೋಡಿದಳು. ಮೃದುಲಾಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎರಡು ವರ್ಷದ ನೋವನ್ನು ಈ ಮೈಗೆ ಮತ್ತೆ ತಂದುಕೊಟ್ಟವಳು ತಾನು ಎಂಬುದು ಅವಳ ಎದೆಯನ್ನು ಕೊರೆಯುತ್ತಿತ್ತು.

"ಬುಟ್ಟಿ ಇಳಿಸಿದ್ದು ನೀನಲ್ವಾ?" ಎಂದಳು ಅಪ್ಪಿಯಕ್ಕ.

"ಹೌದು ಅತ್ತೆ."

"ಮತ್ತೆ ಅಳುದು ಎಂತಕ್ಕೆ? ಇಳಿಸಿದವಳದ್ದೇ ಬೋಣಿ. ಎಂತ ಬೇಕು, ಬೇಗ ಹೇಳು. ನಂಗೆ ಬೇರೆ ಮನೆಗೂ ಹೋಗ್ಲಿಕ್ಕುಂಟು."

ಮೃದುಲಾ ಮೂಗು ಒರೆಸಿಕೊಂಡಳು. ಕೇಳಲು ಭಯವಾಯಿತು, ಆದರೂ ಕೇಳಿದಳು. "ಆ ಬೆನ್ನ ಮೇಲೆ ಪಟ್ಟೆಪಟ್ಟೆ ಇರ್ತದಲ್ಲ ಅತ್ತೆ, ಅದು."

ಅಪ್ಪಿಯಕ್ಕ ಸೊಂಟದ ಮೇಲೆ ಕೈಯಿಟ್ಟು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಪ್ರಾಣಿಗಳ ಬಗ್ಗೆ ಅಷ್ಟು ಓದಿದವಳು! ಬಂಗುಡೆ ಅಂತ ಹೇಳ್ಲಿಕ್ಕೆ ಬರುದಿಲ್ವಾ ನಿಂಗೆ?"